ಬೇಲಿ ದಾಟಬಾರದ ಹೊಗೆ

ಆ ವರ್ಷ ನೆವಿಲ್ ಟ್ರಾಂಟರನ ಹಿತ್ತಿಲಿನ ಒಟ್ಟು ಫಸಲು ಒಂದು ಬೀಡಿ.

ತಲೆಗೆ ಎರಡು ಗಾಂಜಾ ಗಿಡ ಬೆಳೆಸಬಹುದು ಎಂದು ಕ್ಯಾನ್‌ಬೆರಾ ಊರಿನ ಕಾನೂನು ಹೇಳಿತ್ತು. ನೆವಿಲ್ ಎರಡನ್ನೇ ನೆಟ್ಟಿದ್ದ. ಗಿಡ ಹೊರಗಿನವರ ಕೈಗೆ ಸಿಗುವಂತಿರಬಾರದು, ದೀಪ ಉರಿಸಿ ಬೆಳೆಸಬಾರದು, ಮಾರಬಾರದು, ಕೊಳ್ಳಬಾರದು, ಯಾರಿಗೂ ಉಡುಗೊರೆ ಕೊಡಬಾರದು. ಹಾಗಾದರೆ ಬೀಜ ಎಲ್ಲಿಂದ ಬರಬೇಕು? ಆ ಬಗ್ಗೆ ಕಾನೂನು ತುಟಿ ಬಿಚ್ಚಿರಲಿಲ್ಲ. ನೆವಿಲನ ಬೀಜಗಳು ಒಂದು ಬೆಳಿಗ್ಗೆ ಅವನ ಅಂಚೆಡಬ್ಬಿಯಲ್ಲಿ, ಪುಟ್ಟ ಪೊಟ್ಟಣದಲ್ಲಿ ಬಿದ್ದಿದ್ದವು. ಯಾರು ಹಾಕಿದರೆಂದು ವಿಚಾರಿಸಿದರೆ ಅದು ಉಡುಗೊರೆಯಾಗಿಬಿಡುತ್ತದೆ. ಆದ್ದರಿಂದ ಅವನು ವಿಚಾರಿಸಲಿಲ್ಲ. ಗಾಳಿ ತಂದಿರಬೇಕು ಎಂದುಕೊಂಡ. ಗಾಳಿ ಪೊಟ್ಟಣ ಕಟ್ಟಿ, ಅಂಟು ಹಚ್ಚಿ, ಡಬ್ಬಿಯ ಮುಚ್ಚಳ ಎತ್ತಿ ಹಾಕುವುದು ಅಪರೂಪ. ಆದರೆ ಕ್ಯಾನ್‌ಬೆರಾದ ಗಾಳಿಯನ್ನು ನಂಬುವಂತಿಲ್ಲ.

ಒಂದು ಗಿಡವನ್ನು ಪಾಸಮ್ ತಿಂದಿತು. ಬೆಕ್ಕಿನ ಗಾತ್ರದ, ಗಾಜಿನ ಗೋಲಿಯಂಥ ಕಣ್ಣಿನ ಆ ಪ್ರಾಣಿ ಒಂದು ರಾತ್ರಿ ಬೇಲಿಯ ಮೇಲಿಂದ ಇಳಿದು, ಸೊಪ್ಪು ಕಾಂಡ ಎಲ್ಲವನ್ನೂ ಮೇಯ್ದು, ಹೂಕುಂಡದ ಅಂಚಿನ ಮೇಲೆ ಕೂತು ಕೈ ನೆಕ್ಕಿಕೊಂಡು ಹೋಯಿತು. ಇನ್ನೊಂದು ಗಿಡಕ್ಕೆ, ಅಲ್ಲಿ ಚಳಿ ಶುರುವಾಗುವ ಏಪ್ರಿಲ್‌ನ ಮೊದಲ ಹಿಮ ಬಡಿಯಿತು. ಉಳಿದ ಒಂದು ಹಿಡಿ ಮೊಗ್ಗನ್ನು ನೆವಿಲ್ ಬಟ್ಟೆ ಒಗೆಯುವ ಕೋಣೆಯಲ್ಲಿ ಒಣಗಿಸಿ, ಜನ್ಮದಲ್ಲಿ ಮೊದಲ ಸಲ ಒಂದು ಬೀಡಿ ಸುತ್ತಿದ. ಅದು ನಡುವೆ ಉಬ್ಬಿ ಎರಡೂ ತುದಿಗೆ ಸಪೂರವಾಗಿ, ಇಲಿ ನುಂಗಿದ ಹಾವಿನ ಹಾಗಿತ್ತು. ಅದನ್ನೊಂದು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿಟ್ಟ.

ಇಷ್ಟೆಲ್ಲ ಅವನ ಎಡಭುಜಕ್ಕಾಗಿ. ನೆವಿಲ್ ಮೂವತ್ತು ವರ್ಷ ಊರಿನ ರಸ್ತೆಬದಿಗಳಲ್ಲಿ ಫಲಕ ನೆಟ್ಟವನು. ಇಲ್ಲಿ ಗಾಡಿ ನಿಲ್ಲಿಸಬೇಡಿ, ಇಲ್ಲಿ ನಾಯಿ ಬಿಡಬೇಡಿ, ಇಲ್ಲಿ ಈಜಬೇಡಿ, ಬಾತುಕೋಳಿಗೆ ಬ್ರೆಡ್ ಹಾಕಬೇಡಿ. ಊರಿನ ಅರ್ಧದಷ್ಟು ‘ಬೇಡ’ಗಳು ಅವನ ಭುಜದ ಮೇಲೆ ಹೋಗಿ ನೆಲಕ್ಕಿಳಿದಿದ್ದವು. ಈಗ ನಿವೃತ್ತಿಯಾದ ಮೇಲೆ ಆ ಭುಜ ರಾತ್ರಿಯಿಡೀ ಹಲ್ಲುನೋವಿನಂತೆ ಕುಟುಕುತ್ತಿತ್ತು. ಮಾತ್ರೆ ಹೊಟ್ಟೆಗಾಗುತ್ತಿರಲಿಲ್ಲ. ಗಾಂಜಾ ಸೇದಿದರೆ ಮಗುವಿನಂತೆ ನಿದ್ದೆ ಬರುತ್ತದೆ ಎಂದು ಯಾರೋ ಹೇಳಿದ್ದರು. ನೆವಿಲ್ ಒಂದು ರಾತ್ರಿ ನಿದ್ದೆ ಮಾಡಬೇಕಿತ್ತು. ಒಂದೇ ರಾತ್ರಿ ಸಾಕಿತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಗ್ಲೆನಿಸ್ ತಂಗಿಯ ಮನೆಯಿಂದ ಫೋನ್ ಮಾಡಿದಳು.

“ನಾಳೆ ಬೆಳಿಗ್ಗೆ ಮೊಮ್ಮಗಳನ್ನ ಕರ್ಕೊಂಡು ಬರ್ತೀನಿ. ರಜೆ ಮುಗಿಯೋವರೆಗೂ ನಮ್ಮನೇಲೇ ಇರ್ತಾಳೆ. ಆ ದರಿದ್ರದ ಡಬ್ಬಿ ಅಷ್ಟರಲ್ಲಿ ಖಾಲಿ ಆಗಿರ್ಬೇಕು. ಸೇದ್ತೀಯೋ, ಗೊಬ್ಬರದ ಗುಂಡಿಗೆ ಹಾಕ್ತೀಯೋ ನಿಂಗೆ ಬಿಟ್ಟಿದ್ದು.”

“ಮಗು ಇರೋ ಕಡೆ ಸೇದೋದು ಅಪರಾಧ ಕಣೆ. ನಂಗೊತ್ತಿಲ್ವಾ?”

“ನಿಂಗೊತ್ತಿಲ್ದಿರೋ ಅಪರಾಧ ಯಾವುದಿದೆ ಹೇಳು. ಮದುವೆ ದಿನ ಕೇಕ್ ಕತ್ತರಿಸೋಕೆ ಮುಂಚೆ ಆ ಹಾಲ್‌ನ ನಿಯಮ ಓದ್ತಾ ನಿಂತಿದ್ದೋನು ನೀನು.”

ಫೋನಿಟ್ಟ ನೆವಿಲ್ ಡಬ್ಬಿ ಹಿಡಿದು ಹಿತ್ತಿಲಿಗೆ ಬಂದ. ಸ್ವಂತ ಮನೆ, ಸ್ವಂತ ಕುರ್ಚಿ, ಸ್ವಂತ ಬೆಳೆ. ಕಾನೂನಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು? ಅವನು ಕಾಲು ಚಾಚಿ ಕೂತು ಬೀಡಿಯನ್ನು ತುಟಿಗಿಟ್ಟ.

ಆಗ ಬೇಲಿಯ ಮೇಲೆ ಒಂದು ತಲೆ ಮೂಡಿತು.

“ನೆವಿಲ್ ಅಂಕಲ್—” ಎಂದು ಹೇಳಿ ತಲೆ ಮುಳುಗಿತು. ಅದರ ಜಾಗದಲ್ಲಿ ಇನ್ನೊಂದು ತಲೆ ಎದ್ದಿತು. “—ಬಾಯಲ್ಲಿ ಅದೇನು—” ಅದೂ ಮುಳುಗಿ ಮೊದಲಿನದು ಬಂತು. “—ಕ್ಯಾರೆಟ್ಟಾ?”

ಪಕ್ಕದ ಮನೆಯ ಅವಳಿ ಮಕ್ಕಳು ತೆವಿತಾ ಮತ್ತು ಮೆಲೆ ಟ್ರ್ಯಾಂಪೊಲಿನ್ ಮೇಲೆ ಎಗರುತ್ತಿದ್ದರು.

“ಮಕ್ಕಳಾ, ಒಳಗೆ ಹೋಗಿ ಆಡ್ಕೊಳ್ರೋ,” ಎಂದ ನೆವಿಲ್.

“ಅಮ್ಮಾ! ನೆವಿಲ್ ಅಂಕಲ್—” “—ಉಬ್ಬಿದ ಸಿಗರೇಟು—” “—ತಿಂತಿದಾರೆ!”

ಅವರ ತಾಯಿ ಸೆಲೋತೆ ಟಾಂಗಾ ದ್ವೀಪದವಳು, ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅವಳು ಎಗರುವ ಅಗತ್ಯವಿರಲಿಲ್ಲ. ನಿಂತರೆ ಸಾಕು, ಬೇಲಿಯ ಮೇಲೆ ಭುಜದವರೆಗೂ ಕಾಣುತ್ತಿದ್ದಳು.

“ನೆವಿಲ್, ಇಲ್ಲಿ ಮಕ್ಕಳಿದಾವೆ.”

“ಕಾಣಿಸ್ತಿದೆ ಕಣಮ್ಮ. ಒಂದ್ಸಲ ಕಾಣಿಸುತ್ತೆ, ಒಂದ್ಸಲ ಇಲ್ಲ.”

“ಮಕ್ಕಳ ಹತ್ರ ಸೇದಬಾರದು ಅಂತ ನೀನೇ ತಾನೆ ಕಾನೂನು ಬಂದಾಗ ಮನೆಮನೆಗೆ ಚೀಟಿ ಹಂಚಿದ್ದು?”

“ಇದು ನನ್ನ ಹಿತ್ತಿಲು!”

“ಅವು ನನ್ನ ಮಕ್ಕಳು. ಸಂಜೆ ಅವರಪ್ಪ ಚರ್ಚಿಗೆ ಕರ್ಕೊಂಡು ಹೋಗ್ತಾರೆ, ಹಾಡಿನ ಅಭ್ಯಾಸ ಇದೆ. ಅಲ್ಲೀತನಕ ಇಲ್ಲೇ ಎಗರ್ತಾವೆ. ಮಕ್ಕಳು ಎಗರಬಾರದು ಅಂತ ಏನಾದ್ರೂ ನಿಯಮ ಬರ್ದಿದೀಯಾ?”

ಬರೆದಿರಲಿಲ್ಲ. ಅದೊಂದು ತಪ್ಪಾಗಿತ್ತು.

ನೆವಿಲ್ ಸಿಡುಕಿಕೊಂಡು ಒಳಗೆ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದ. ಬೀಡಿ ಬಾಯಿಗಿಟ್ಟ ಮೇಲೆ ಬೆಂಕಿಯ ನೆನಪಾಯಿತು. ಅವನು ಸೇದುವವನಲ್ಲ, ಮನೆಯಲ್ಲಿ ಬೆಂಕಿಪೊಟ್ಟಣವಿರಲಿಲ್ಲ. ಗ್ಯಾಸ್ ಒಲೆ ತೆಗೆಸಿ ಕರೆಂಟಿನ ಒಲೆ ಹಾಕಿಸಿ ವರ್ಷವಾಗಿತ್ತು. ಅದರ ಮೇಲೆ ಪಾತ್ರೆ ಬಿಟ್ಟರೆ ಇನ್ನೇನೂ ಬಿಸಿಯಾಗುತ್ತಿರಲಿಲ್ಲ. ಮನೆಯಲ್ಲಿ ಕೆಂಪಗೆ ಕಾಯುವ ವಸ್ತು ಎಂದರೆ ಬ್ರೆಡ್ ಸುಡುವ ಟೋಸ್ಟರ್ ಒಂದೇ. ನೆವಿಲ್ ಅದರ ಗುಂಡಿ ಒತ್ತಿ, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವನಂತೆ ಬಾಗಿದ. ಬೀಡಿಯ ತುದಿ ಕಾದ ತಂತಿಯನ್ನು ಮುಟ್ಟುವ ಮೊದಲು ಅವನ ಬಲಹುಬ್ಬು ಮುಟ್ಟಿತು.

ಚುರ್ ಎಂದಿತು. ಹುಬ್ಬಿನಿಂದ ಎದ್ದ ಸಣ್ಣ ಹೊಗೆ ನೇರ ಛಾವಣಿಗೆ ಹೋಯಿತು. ಛಾವಣಿಯ ಎಚ್ಚರಗಂಟೆ ಕಿರುಚಿಕೊಂಡಿತು. ಗಂಟೆಗಳನ್ನು ಮನೆಯಿಂದ ಮನೆಗೆ ಜೋಡಿಸಬೇಕೆಂದು ನಿವಾಸಿಗಳ ಸಂಘದ ಸಭೆಯಲ್ಲಿ ಹಟ ಹಿಡಿದು ಜೋಡಿಸಿದವನು ನೆವಿಲನೇ. ಈಗ ಸಾಲಿನ ಎಲ್ಲ ಮನೆಗಳೂ ಒಟ್ಟಿಗೆ ಕಿರುಚತೊಡಗಿದವು.

ಎಲ್ಲರಿಗಿಂತ ಮೊದಲು ಬಂದವಳು ಗೋಡೆಯಾಚೆಯ ಮಾರ್ಗಟ್ ಹೋಲ್ರಾಯ್ಡ್. ಜೀವಮಾನವೆಲ್ಲ ಮಂತ್ರಿಗಳಿಗೆ ಟಿಪ್ಪಣಿ ಬರೆದುಕೊಟ್ಟು ನಿವೃತ್ತಳಾದವಳು, ಈಗ ಈ ಮನೆಸಾಲಿನ ನಿವಾಸಿಗಳ ಸಂಘಕ್ಕೆ ಅಧ್ಯಕ್ಷೆ. ನೆವಿಲ್ ಕಾರ್ಯದರ್ಶಿ.

“ಏನು ಸುಟ್ಟಿದ್ದು?”

“ಹುಬ್ಬು.”

ಮಾರ್ಗಟ್ ಮೇಜಿನ ಮೇಲಿದ್ದ ತೆರೆದ ಡಬ್ಬಿಯನ್ನು ನೋಡಿದಳು. ಬೋನಿನೊಳಗಿಟ್ಟ ಕೊಬ್ಬರಿ ಚೂರನ್ನು ಇಲಿ ನೋಡುವ ನೋಟ ಅದು. ನೆವಿಲನಿಗೆ ಆಗ ಅದು ಅರ್ಥವಾಗಲಿಲ್ಲ.

“ನೀನು? ಇದು?” ಎಂದಳು.

“ಕಾನೂನುಬದ್ಧ! ನನ್ನ ಮನೆ ಒಳಗೆ! ಕಿಟಕಿ ಹಾಕಿದೀನಿ!”

“ನಿನ್ನ ಬಚ್ಚಲುಮನೆ ಗಾಳಿಕೊಳವೆ ನನ್ನ ಯೋಗದ ಕೋಣೆಗೆ ಬಾಯಿ ಬಿಡುತ್ತೆ. ‘ಯಾವುದೇ ಬಗೆಯ ಹೊಗೆ, ಅದರ ಮೂಲ ಏನೇ ಇರಲಿ, ಮನೆಯ ಬೇಲಿಯನ್ನಾಗಲಿ ಗೋಡೆಯನ್ನಾಗಲಿ ದಾಟತಕ್ಕದ್ದಲ್ಲ.’ ಯಾರು ಬರೆದದ್ದು ಇದನ್ನ?”

“ಅದು ದಾವೊರ್ಕಾಗೆ ಅಂತ ಬರೆದದ್ದು!”

“ಬರೆದ ಮೇಲೆ ಊರಿಗೆಲ್ಲ ಒಂದೇ, ನೆವಿಲ್.”

ದಾವೊರ್ಕಾ ಸಾಲಿನ ಕೊನೆಯ ಮನೆಯ ಕ್ರೊಯೇಷಿಯಾದ ವಿಧವೆ. ಮೂರು ವರ್ಷದ ಹಿಂದೆ ಸಂಜೆಹೊತ್ತು ತನ್ನ ಜಗಲಿಯಲ್ಲಿ ಕೂತು ಒಂದು ಸಿಗರೇಟು ಸೇದುತ್ತಿದ್ದಳು. ಅದರ ಹೊಗೆ ನೆವಿಲನ ಮಲಗುವ ಕೋಣೆಯ ಪರದೆಗೆ ಅಂಟುತ್ತಿತ್ತು. ನೆವಿಲ್ ಅವಳಿಗೆ ಏನೂ ಹೇಳಲಿಲ್ಲ, ನಿಯಮ ಬರೆದ. ಅಂದಿನಿಂದ ದಾವೊರ್ಕಾ ಸಿಗರೇಟು ಬಿಟ್ಟಳು, ನೆವಿಲನ ಜೊತೆ ಮಾತೂ ಬಿಟ್ಟಳು.

ಮಾರ್ಗಟ್ ಹೋದ ಮೇಲೆ ನೆವಿಲ್ ಒಂದೇ ಹುಬ್ಬಿನಲ್ಲಿ ಗಂಟಿಕ್ಕಿಕೊಂಡು ಕೂತ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಳ್ಳಲ್ಲ. ಶಾಸನಸಭೆ ಕೊಟ್ಟಿದೆ, ಹಿಮವೂ ಪಾಸಮ್ಮೂ ಇಷ್ಟಾದರೂ ಉಳಿಸಿವೆ, ಸೇದುವುದಕ್ಕೆ ಭೂಮಿಯ ಮೇಲೆ ಒಂದು ಕುರ್ಚಿಯಷ್ಟು ಜಾಗ ಇಲ್ಲ! ಕದ್ದು ಸೇದುವ ಪುಂಡರು ಕೆರೆದಂಡೆಯಲ್ಲಿ, ಬಸ್‌ನಿಲ್ದಾಣದಲ್ಲಿ ಆರಾಮಾಗಿ ಸೇದುತ್ತಾರೆ. ಕಾನೂನು ಪಾಲಿಸುವವನಿಗೆ ಮಾತ್ರ ಹುಬ್ಬು ಹೋಯಿತು.

ಕಾರಿನಲ್ಲಿ ಕೂತು ಸೇದಿದರೆ? ಕಾರು ತನ್ನದೇ. ಬೀದಿ ಕೊನೆಯ ಅಂಗಡಿಗೆ ಹೋಗಿ ಒಂದು ಲೈಟರ್ ಕೊಂಡುತಂದ. ಮನೆ ಮುಂದೆ ನಿಂತಿದ್ದ ಕಾರೊಳಗೆ ಕೂತು ಗಾಜು ಏರಿಸಿದ. ಲೈಟರ್‌ನ ಗಾಲಿಯ ಮೇಲೆ ಹೆಬ್ಬೆರಳಿಡುವಷ್ಟರಲ್ಲಿ ಯಾರೋ ಗಾಜಿನ ಮೇಲೆ ಬೆರಳಿಂದ ತಟ್ಟಿದರು.

ಕೀರನ್. ಎದುರುಮನೆಯವನು. ಕೇಂದ್ರದ ಪೊಲೀಸು. ಅಂದು ರಜೆಯಿದ್ದುದರಿಂದ ಚಡ್ಡಿ ಹಾಕಿಕೊಂಡು ನಾಯಿ ಹಿಡಿದುಕೊಂಡು ನಿಂತಿದ್ದ.

“ಗಾಜು ಇಳಿಸಬೇಡ, ನೆವಿಲ್. ವಾಸನೆ ಬಂದ್ರೆ ನಂಗೆ ಕಷ್ಟ. ಒಳಗಿಂದಾನೇ ಹೇಳು. ಕೀಲಿ ಎಲ್ಲಿದೆ?”

“ಜೇಬಲ್ಲಿ!”

“ಕೂತಿರೋದು ಸ್ಟೀರಿಂಗ್ ಹಿಂದೆ. ಕೀಲಿ ಜೇಬಲ್ಲಿ. ಗಾಡಿ ಹೊರಡಿಸೋನ ಥರ ಕಾಣ್ತೀಯ. ಸೇದಿದೋನು ಗಾಡಿ ಮುಟ್ಟಿದ್ರೆ ಎಂಜಲು ಪರೀಕ್ಷೆ ಮಾಡ್ತಾರೆ, ಲೈಸೆನ್ಸ್ ಹೋಗುತ್ತೆ.”

“ಹಿಂದಿನ ಸೀಟಿಗೆ ಹೋಗ್ತೀನಿ!”

“ಗಾಡಿ ನಿಂತಿರೋದು ಎಲ್ಲರೂ ಓಡಾಡೋ ದಾರೀಲಿ. ಅದು ನಿನ್ನ ಮನೆ ಹೇಗಾಗುತ್ತೆ?” ಕೀರನ್ ಆಕಾಶ ನೋಡಿದ. “ನೋಡಪ್ಪಾ, ನನ್ನ ಒಂದು ಕಣ್ಣು ಈ ಊರಿನ ಕಾನೂನಿಂದು. ಅದು ಸರಿ ಅನ್ನುತ್ತೆ. ಇನ್ನೊಂದು ಕಣ್ಣು ದೇಶದ ಕಾನೂನಿಂದು. ಅದಕ್ಕೆ ಇದು ಇವತ್ತಿಗೂ ಅಪರಾಧವೇ. ಎರಡು ಕಣ್ಣೂ ಒಟ್ಟಿಗೆ ತೆರೆದರೆ ನಂಗೆ ತಲೆನೋವು. ದಯವಿಟ್ಟು ನಾನು ನೋಡೋ ಹಾಗೆ ಎಲ್ಲೂ ಕೂರಬೇಡ.”

ನೆವಿಲ್ ಕಾರಿನಿಂದ ಇಳಿದು ಬಾಗಿಲನ್ನು ಬಡಿದ ರಭಸಕ್ಕೆ ಅವನ ಎಡಭುಜವೇ ಅಯ್ಯೋ ಎಂದಿತು.

ಉಳಿದದ್ದು ಒಂದೇ ದಾರಿ: ಹಳೆಯ ಸಹೋದ್ಯೋಗಿ ಟ್ರೆವರ್‌ನ ಮನೆ. ಊರ ಅಂಚಿನ ಕಡೇ ಬೀದಿಯಲ್ಲಿತ್ತು. ಸೇದಿದ ಮೇಲೆ ಗಾಡಿ ಓಡಿಸುವಂತಿಲ್ಲವಲ್ಲ, ನೆವಿಲ್ ಬಸ್ಸಿನಲ್ಲೇ ಹೊರಟ. ತಗಡಿನ ಡಬ್ಬಿ ಅಂಗಿಯ ಜೇಬಿನಲ್ಲಿ ಬೆಚ್ಚಗಾಗುತ್ತ, ಬಸ್ಸಿನ ತುಂಬ ಪರಿಮಳ ಬೀರತೊಡಗಿತು. ಪಕ್ಕದಲ್ಲಿದ್ದ ಮುದುಕಿ ಎರಡು ಸಲ ಮೂಗೆಳೆದು, “ನಮ್ಮೆಜಮಾನ್ರೂ ಹೀಗೇ ಇದ್ರು, ಸ್ನಾನ ಅಂದ್ರೆ ಆಗ್ತಿರಲಿಲ್ಲ,” ಎಂದು ಎದ್ದು ಬೇರೆ ಕಡೆ ಕೂತಳು.

ಟ್ರೆವರ್ ನೆವಿಲನನ್ನು ತಬ್ಬಿಕೊಂಡ. ಸಂಗತಿ ಕೇಳಿ ತೊಡೆ ತಟ್ಟಿ ನಕ್ಕ.

“ಒಳಗೆ ಬೇಡ ಮಾರಾಯಾ, ನಮ್ಮವಳು ಕೊಂದುಹಾಕ್ತಾಳೆ. ಮುಂದಿನ ಅಂಗಳ ಬೀದಿಗೆ ಕಾಣುತ್ತೆ. ಹಿತ್ತಿಲಿಗೆ ಬಾ. ಆದ್ರೆ ನಿಂಬೆಗಿಡ ದಾಟಿ ಹೋಗಬೇಡ.”

“ಯಾಕೆ?”

“ನಿಂಬೆಗಿಡದಿಂದಾಚೆ ನ್ಯೂ ಸೌತ್ ವೇಲ್ಸ್. ಗಡಿ ನಮ್ಮ ಹಿತ್ತಿಲೊಳಗೇ ಹಾದು ಹೋಗುತ್ತೆ. ಈ ರಾಜ್ಯದಲ್ಲಿ ಬಟ್ಟೆ ಒಗೆದು ಆ ರಾಜ್ಯದಲ್ಲಿ ಒಣಹಾಕ್ತೀವಿ. ಅಲ್ಲಿ ಸೇದಿದ್ರೆ ಕೇಸು.”

ಅಡುಗೆಮನೆಯ ಮೆಟ್ಟಿಲಿಗೂ ನಿಂಬೆಗಿಡಕ್ಕೂ ನಡುವೆ ಸರಿಯಾಗಿ ಒಂದು ಕುರ್ಚಿ ಹಿಡಿಸುವಷ್ಟು ಜಾಗವಿತ್ತು. ನೆವಿಲ್ ಮಂಡಿ ಮಡಚಿಕೊಂಡು ಕೂತ. ಕಾಲು ಚಾಚಿದರೆ ಪಾದಗಳು ಬೇರೆ ರಾಜ್ಯಕ್ಕೆ ಹೋಗುತ್ತಿದ್ದವು. ಮಕ್ಕಳಿಲ್ಲ, ಬೇಲಿಯಾಚೆ ಬರೀ ಕುರಿ ಮೇಯುವ ಬಯಲು. ಗಾಳಿಯೂ ಇಲ್ಲ. ನೆವಿಲನ ಕಣ್ಣಂಚು ಒದ್ದೆಯಾಯಿತು. ಬೀಡಿ ತುಟಿಗೆ ಬಂತು. ಲೈಟರ್ ಹೊತ್ತಿತು.

ಟ್ರೆವರ್ ಮೆಟ್ಟಿಲ ಮೇಲೆ ಕೂತು ಅಂಗೈ ಉಜ್ಜಿದ. “ಎರಡು ದಮ್ಮು ನೀನೆಳಿ, ಆಮೇಲೆ ಈ ಕಡೆ ಕೊಡು.”

ನೆವಿಲ್ ಲೈಟರ್ ಆರಿಸಿದ.

“ಟ್ರೆವರ್... ಕೊಡೋ ಹಾಗಿಲ್ಲ.”

“ಯಾಕೆ, ನಂಗೇನು ಬಾಯಿ ರೋಗಾನಾ?”

“ಹಂಚಿಕೊಂಡ್ರೆ ಸರಬರಾಜು ಆಗುತ್ತೆ. ಅಪರಾಧ. ಅವರವರದ್ದು ಅವರವರೇ—”

ಟ್ರೆವರ್ ಎದ್ದು ನಿಂತ. ಅವನ ಕುತ್ತಿಗೆ ಕೆಂಪಾಗತೊಡಗಿತು. “ನಿನ್ನ ಫ್ರಿಜ್ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದ್ದು ಯಾರು?”

“ನೀನೇ.”

“ನಿನ್ನ ಮಗಳ ಮದುವೇಲಿ ಆ ಕುರಿ ಸುಟ್ಟಿದ್ದು ಯಾರು? ಬೆಳಗಿನ ಜಾವದಿಂದ ಕಣ್ಣಲ್ಲಿ ಹೊಗೆ ತುಂಬ್ಕೊಂಡು?”

“ನೀನೇ ಕಣೋ. ಆದ್ರೆ ಕುರಿಗೆ ಇಂಥಾ ನಿಯಮ ಇಲ್ಲ.”

“ನನ್ನ ಕುರ್ಚಿ ಮೇಲೆ ಕೂತ್ಕೊಂಡು, ನನ್ನ ನಿಂಬೆಗಿಡದ ನೆರಳಲ್ಲಿ, ನನ್ನ ಮುಖಕ್ಕೇ ಹೊಗೆ ಬಿಟ್ಕೊಂಡು ಒಬ್ಬನೇ ಸೇದ್ತೀನಿ ಅಂತೀಯಾ? ಏಳೋ ಮೇಲೆ!” ಟ್ರೆವರ್ ಕುರ್ಚಿಯನ್ನು ಹಿಂದಿನಿಂದ ಓರೆ ಮಾಡಿದ. ನೆವಿಲ್ ಜಾರಿ ನಿಂಬೆಗಿಡದಾಚೆ ನ್ಯೂ ಸೌತ್ ವೇಲ್ಸ್‌ಗೆ ಬಿದ್ದ. ಬೀಡಿ ಕೈಯಲ್ಲಿತ್ತು. ಪ್ರಾಣಿಯಂತೆ ನಾಲ್ಕೂ ಕಾಲಲ್ಲಿ ತೆವಳಿಕೊಂಡು ಗಡಿಯೀಚೆಗೆ ಬಂದ. ಟ್ರೆವರ್ ಅವನ ಲೈಟರನ್ನು ಕಿತ್ತುಕೊಂಡ.

“ಇದನ್ನ ಉಡುಗೊರೆ ಅಂತ ಇಟ್ಕೋತೀನಿ. ಇದಕ್ಕೆ ಕಾನೂನು ಅಡ್ಡ ಬರಲ್ಲ ತಾನೆ?”

ಮರಳಿ ಬರುವಾಗ ಬಸ್ಸಿನಲ್ಲಿ ನೆವಿಲ್ ಕಿಟಕಿಯಾಚೆ ನೋಡುತ್ತ ಕೂತ. ಊರಿನ ಉದ್ದಕ್ಕೂ ಅವನು ನೆಟ್ಟ ಫಲಕಗಳು ನಿಂತಿದ್ದವು. ಬೇಡ, ಬೇಡ, ಬೇಡ ಎನ್ನುತ್ತಿದ್ದವು. ಇಷ್ಟು ವರ್ಷದಲ್ಲಿ ‘ಇಲ್ಲಿ ಆಗಬಹುದು’ ಎಂಬ ಒಂದೇ ಒಂದು ಫಲಕವನ್ನೂ ತಾನು ನೆಟ್ಟಿಲ್ಲವಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು. ಅನ್ನಿಸಿದ್ದಕ್ಕೂ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮನೆಸಾಲಿನ ಹಿಂಭಾಗಕ್ಕೆ ಬರುವ ಹೊತ್ತಿಗೆ ಸೂರ್ಯ ಮುಳುಗುತ್ತಿದ್ದ. ಅಲ್ಲಿ ಎಲ್ಲರ ಗ್ಯಾರೇಜುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ದಾವೊರ್ಕಾಳ ಗ್ಯಾರೇಜಿನ ಷಟರ್ ಕೆಳಗೆ ಬೆಳಕಿನ ಗೆರೆ ಕಾಣಿಸಿತು. ಒಳಗಿನಿಂದ ನಗು ಕೇಳಿಸಿತು. ನೆವಿಲ್ ಮೂಗರಳಿಸಿದ. ಅದೇ ಪರಿಮಳ. ಆದರೆ ತನ್ನ ಜೇಬಿನದಲ್ಲ, ಉರಿಯುತ್ತಿರುವುದು!

ದಿನವಿಡೀ ಕೂಡಿಟ್ಟಿದ್ದ ಸಿಟ್ಟಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತು. ಅವನು ಷಟರ್‌ನ ಹಿಡಿಗೆ ಎರಡೂ ಕೈ ಹಾಕಿ, ಭುಜದ ನೋವನ್ನೂ ಲೆಕ್ಕಿಸದೆ ಗಡಗಡನೆ ಎತ್ತಿದ.

ಒಳಗೆ ಮಡಚುವ ಕುರ್ಚಿಗಳ ಒಂದು ವೃತ್ತ. ಒಂದರಲ್ಲಿ ಮಾರ್ಗಟ್, ಬಾಯಲ್ಲಿ ಪೆನ್ಸಿಲಿನಷ್ಟು ತೆಳ್ಳಗಿನ ಬೀಡಿ. ಪಕ್ಕದಲ್ಲಿ ಸೆಲೋತೆ, ಮಕ್ಕಳು ಚರ್ಚಿಗೆ ಹೋಗಿದ್ದವು. ಮೂಲೆಯಲ್ಲಿ ಕೀರನ್ ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಸಾಸೇಜ್ ರೋಲ್ ತಿನ್ನುತ್ತಿದ್ದ. ನಡುವೆ ದಾವೊರ್ಕಾ, ಕೈಯಲ್ಲಿ ಹಿತ್ತಾಳೆಯ ಹಳೇ ಲೈಟರ್. ಪ್ರತಿಯೊಬ್ಬರ ಮಂಡಿಯ ಮೇಲೂ ಅವರವರದೇ ಡಬ್ಬಿ.

ಮಾರ್ಗಟ್ ಬಾಯಿಂದ ಬೀಡಿ ತೆಗೆದು ಬೆನ್ನ ಹಿಂದೆ ಹಿಡಿದಳು.

“ನಂಗೇನೂ ಕಾಣಿಸ್ತಿಲ್ಲ,” ಎಂದ ಕೀರನ್ ಗೋಡೆಗೆ.

“ನೀವು!” ಎಂದ ನೆವಿಲ್. “ಬೆಳಿಗ್ಗೆಯಿಂದ ನನ್ನನ್ನ ನಾಯಿ ಓಡಿಸಿದ ಹಾಗೆ ಓಡಿಸಿ... ನೀವೆಲ್ಲಾ ಇಲ್ಲಿ... ನನ್ನ ಹುಬ್ಬು ಹೋಯ್ತು!”

“ನೀನು ನಮ್ಮನ್ನ ಹಿಡಿಯೋಕೆ ಬಲೆ ಬೀಸ್ತಿದೀಯ ಅಂದ್ಕೊಂಡ್ವಿ,” ಎಂದಳು ಮಾರ್ಗಟ್. “ಬೀಡಿ ಹಿಡ್ಕೊಂಡು ಓಡಾಡ್ತಾನೆ, ಯಾರು ‘ಬಾ, ಸೇದೋಣ’ ಅಂತಾರೋ ಅವರ ಹೆಸರು ಬರ್ಕೋತಾನೆ ಅಂತ. ನಿನ್ನ ಬಗ್ಗೆ ಇನ್ನೇನಂತ ಅಂದ್ಕೋಬೇಕಿತ್ತು?”

“ನಂಗೆ ಭುಜ ನೋವು!” ಎಂದ ನೆವಿಲ್. “ಒಂದು ರಾತ್ರಿ ನಿದ್ದೆ ಬೇಕಿತ್ತು. ಅಷ್ಟೇ!”

ಅವನು ಡಬ್ಬಿ ತೆರೆದು ತೋರಿಸಿದ. ಇಲಿ ನುಂಗಿದ ಹಾವು ನಡುವೆ ಸ್ವಲ್ಪ ಬಳುಕಿತ್ತು, ಬಾಲಕ್ಕೆ ನಿಂಬೆ ಎಲೆ ಅಂಟಿತ್ತು. ಅದನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಮೊದಲು ಸೆಲೋತೆ ನಕ್ಕಳು. ಆಮೇಲೆ ಎಲ್ಲರೂ. ಕೀರನ್ ಗೋಡೆಯನ್ನೇ ನೋಡುತ್ತ ನಕ್ಕ.

ದಾವೊರ್ಕಾ ಕಾಲಿನಿಂದ ಒಂದು ಖಾಲಿ ಕುರ್ಚಿಯನ್ನು ಮುಂದಕ್ಕೆ ತಳ್ಳಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವನೊಡನೆ ಮಾತಾಡಿದಳು.

“ಕೂತ್ಕೋ, ಪೆದ್ದ. ನಿನ್ನ ಅಂಚೆಡಬ್ಬಿಗೆ ಬೀಜ ಹಾಕಿದ್ದು ಯಾರು ಅಂದ್ಕೊಂಡೆ? ಇವನೂ ಒಂದು ದಮ್ಮು ಎಳೆದ್ರೆ ನಮ್ಮನ್ನ ನಮ್ಮ ಪಾಡಿಗೆ ಬಿಡ್ತಾನೆ ಅಂತ ಹಾಕಿದೆ.”

“ಗಾಳಿ ತಂದಿತ್ತು,” ಎಂದ ನೆವಿಲ್ ಮೆಲ್ಲಗೆ.

“ಹೂಂ. ಆ ಗಾಳಿ ನಾನೇ. ಕೂತ್ಕೋ.”

ನೆವಿಲ್ ಕೂತ. ಸೆಲೋತೆ ಅವನ ಎಡಭುಜದ ಹಿಂದೆ ಒಂದು ದಿಂಬು ಇಟ್ಟಳು. ಹೊಗೆ ಬೇಲಿ ದಾಟುತ್ತಿರಲಿಲ್ಲ. ಗ್ಯಾರೇಜಿಗೆ ಬೇಲಿಯೇ ಇರಲಿಲ್ಲ. ಮಕ್ಕಳಿರಲಿಲ್ಲ. ಯಾರೂ ಯಾರಿಗೂ ಕೊಡುತ್ತಿರಲಿಲ್ಲ, ಯಾರೂ ಗಾಡಿ ಓಡಿಸಬೇಕಿರಲಿಲ್ಲ. ಈ ಜಾಗವನ್ನು ಯಾರೋ ಅವನ ಚೀಟಿಯನ್ನು ಮುಂದಿಟ್ಟುಕೊಂಡೇ ಹುಡುಕಿದಂತಿತ್ತು. ದಾವೊರ್ಕಾ ಹಿತ್ತಾಳೆಯ ಲೈಟರ್ ಹೊತ್ತಿಸಿ ಅವನ ಮುಖದ ಹತ್ತಿರ ತಂದಳು. ಹಳದಿ ಬೆಳಕಿನಲ್ಲಿ ಎಲ್ಲ ಮುಖಗಳೂ ಒಂದೇ ಮನೆಯವರಂತೆ ಕಂಡವು.

“ಇನ್ನು ನಂಗೆ ಭಯ ಇಲ್ಲ,” ಎಂದಳು ಸೆಲೋತೆ. “ಪ್ರತಿ ಸಲಾನೂ ಇಲ್ಲಿ ಕೂತ್ಕೊಂಡಾಗ ಎದೆ ಡವಡವ ಅಂತಿತ್ತು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನರ್ಸ್ ಕೆಲಸ ಹೋಗುತ್ತೆ, ನಂಗೆ ಬೇರೆ ಗತಿ ಇಲ್ಲ. ನೆವಿಲ್, ನಿಂಗೆ ಎಲ್ಲಾ ಗೊತ್ತು. ಒಂದು ಮಾತು ಹೇಳ್ಬಿಡು, ನೆಮ್ಮದಿಯಾಗಿರ್ತೀನಿ. ಇಲ್ಲಿ ಸೇದೋದು ಕಾನೂನು ಪ್ರಕಾರ ಸರಿ ತಾನೆ?”

ಬೀಡಿ ನೆವಿಲನ ತುಟಿಯಲ್ಲಿತ್ತು. ಜ್ವಾಲೆ ಅದರ ತುದಿಯಿಂದ ಒಂದು ಬೆರಳು ದೂರದಲ್ಲಿತ್ತು. ಹೌದು ಎನ್ನಲು ತಲೆಯಾಡಿಸಿದರೆ ಸಾಕಿತ್ತು; ಆಡಿಸಿದ ರಭಸಕ್ಕೆ ಬೀಡಿ ತಾನಾಗಿ ಹೊತ್ತಿಕೊಳ್ಳುತ್ತಿತ್ತು.

ಅವನು ಸೆಲೋತೆಯ ಮುಖ ನೋಡಿದ. ಮೇಲೆ ಛಾವಣಿ ನೋಡಿದ. ಗೋಡೆ ನೋಡಿದ. ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣೊಳಗೆ ಈ ಮನೆಸಾಲಿನ ನಕ್ಷೆ, ಅದರ ಒಂದೊಂದು ಗೆರೆ ಸಮೇತ ನಿಂತಿತ್ತು. ಅವನು ತುಟಿ ಬಿಗಿಹಿಡಿದ.

“ಗ್ಯಾರೇಜುಗಳು,” ಎಂದ ಕೊನೆಗೆ, ಬೀಡಿಯ ಸಂದಿನಿಂದ. “ಗ್ಯಾರೇಜುಗಳು ಮನೆಗೆ ಸೇರಿದ್ದಲ್ಲ.”

“ಅಂದ್ರೆ?”

“ನಮಗೆ ಗಾಡಿ ನಿಲ್ಲಿಸೋ ಹಕ್ಕು ಮಾತ್ರ. ಜಾಗ ಎಲ್ಲರಿಗೂ ಸೇರಿದ್ದು. ಸೇದೋದು ಖಾಸಗಿ ಮನೇಲಿ ಮಾತ್ರ. ಇದು... ಮನೆ ಅಲ್ಲ.”

ಟಕ್ ಎಂದು ಹಿತ್ತಾಳೆಯ ಲೈಟರ್ ಮುಚ್ಚಿಕೊಂಡಿತು.

ಸೆಲೋತೆ ತನ್ನ ಬೀಡಿಯನ್ನು ಚಪ್ಪಲಿಯಡಿ ಹೊಸಕಿ, ಎದ್ದು, ಯಾರನ್ನೂ ನೋಡದೆ ಹೊರಗೆ ನಡೆದಳು. ಹೋಗುವಾಗ ದಿಂಬನ್ನು ತೆಗೆದುಕೊಂಡಳು. ಕೀರನ್ ಗೋಡೆ ಬಿಟ್ಟು ತಿರುಗಿದ. ಆ ದಿನ ಮೊದಲ ಬಾರಿಗೆ ಅವನ ಎರಡೂ ಕಣ್ಣು ಒಟ್ಟಿಗೆ ತೆರೆದಿದ್ದವು. “ಈಗ ನಂಗೆ ಕೇಳಿಸಿಬಿಡ್ತು ನೆವಿಲ್,” ಎಂದ. “ಕಣ್ಣು ಮುಚ್ಕೋಬಹುದು. ಕಿವಿ ಏನು ಮಾಡ್ಲಿ?”

“ಎರಡನೇ ಸಲ,” ಎಂದಳು ದಾವೊರ್ಕಾ. “ಎರಡನೇ ಸಲ ನನ್ನ ಬಾಯಿಂದ ಹೊಗೆ ಕಿತ್ಕೊಂಡೆ ಕಣೋ ನೀನು.”

ಮಾರ್ಗಟ್ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದಳು. ಕೆಲಸ ಮುಗಿದ ಮೇಲೆ ಅಧ್ಯಕ್ಷೆಯ ದನಿಯಲ್ಲಿ ಹೇಳಿದಳು: “ಕಾರ್ಯದರ್ಶಿಗಳೇ. ಗೊತ್ತಾದ ಮೇಲೆ ಸುಮ್ಮನಿರೋಕಾಗಲ್ಲ ಅಲ್ವಾ? ಫಲಕ ಹಾಕಿ. ಈಗಲೇ.”

ಫಲಕಗಳಿಗೆ ನೆವಿಲನಲ್ಲಿ ಬರವಿರಲಿಲ್ಲ. ತನ್ನ ಗ್ಯಾರೇಜಿನಿಂದ ‘ಇಲ್ಲಿ ಹೊಗೆ ಬೇಡ’ ಎಂಬುದೊಂದನ್ನು ಆರಿಸಿ ತಂದ. ಕೈಗೆ ಸುತ್ತಿಗೆ ಬೇಕಾದ್ದರಿಂದ ಬೀಡಿಯನ್ನು ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಕಿವಿಯ ಮೇಲೆ ಸಿಕ್ಕಿಸಿಕೊಂಡ. ಎಲ್ಲರೂ ಮನೆ ಸೇರಿ ಬಾಗಿಲು ಹಾಕಿಕೊಂಡ ಸದ್ದು ಒಂದಾದ ಮೇಲೊಂದು ಕೇಳಿತು. ಎಡಗೈಯಲ್ಲಿ ಫಲಕವನ್ನು ಗ್ಯಾರೇಜಿನ ಹೊರಗೋಡೆಗೆ ತಲೆಯೆತ್ತರಕ್ಕೆ ಎತ್ತಿಹಿಡಿದು ಅವನು ಮೊಳೆ ಹೊಡೆದ. ಪ್ರತಿ ಏಟಿಗೂ ಭುಜ ಮಿಡಿಯಿತು.

ಕೊನೆಯ ಏಟಿಗೆ ಬೀಡಿ ಕಿವಿಯಿಂದ ಜಾರಿ ನೆಲಕ್ಕೆ ಬಿತ್ತು.

ಅವನು ಬಗ್ಗುವಷ್ಟರಲ್ಲಿ ಗ್ಯಾರೇಜಿನ ಸೂರಿನಿಂದ ಏನೋ ಧೊಪ್ಪನೆ ಇಳಿಯಿತು. ಗಾಜಿನ ಗೋಲಿಯಂಥ ಎರಡು ಕಣ್ಣು. ಪಾಸಮ್ ಬೀಡಿಯನ್ನು ಎರಡೂ ಕೈಯಿಂದ ಎತ್ತಿಕೊಂಡು, ಒಮ್ಮೆ ಮೂಸಿ, ಫಲಕದ ಕೆಳಗೇ ಹಿಂಗಾಲ ಮೇಲೆ ಕೂತು, ಕಾಗದ ಸಮೇತ ನಿಧಾನವಾಗಿ ಅಗಿಯತೊಡಗಿತು. ಎಲ್ಲರಿಗೂ ಸೇರಿದ ಜಾಗದಲ್ಲಿ. ಬಟಾಬಯಲಿನಲ್ಲಿ.

ನೆವಿಲ್ ನೋಯುವ ಎಡಗೈಯನ್ನು ಮೆಲ್ಲಗೆ ಎತ್ತಿ, ಬೆರಳು ಚಾಚಿ, ಪಾಸಮ್ಮಿಗೆ ಫಲಕವನ್ನು ತೋರಿಸಿದ.

ಅದು ಅಗಿಯುವುದನ್ನು ನಿಲ್ಲಿಸಿ ಬೆರಳನ್ನು ನೋಡಿತು. ಆಮೇಲೆ ಉಳಿದರ್ಧವನ್ನು ಬಾಯಿಗಿಟ್ಟುಕೊಂಡಿತು.